ಬದಲಿ ಗುಳಿಗೆ: ಕಾನೂನು ಹೇಳುವುದೊಂದು, ಅಂಗಡಿಯಲ್ಲಿ ನಡೆಯುವುದೊಂದು

“ಅದು ಬಂದಿಲ್ಲರಿ ಯಜಮಾನ್ರ, ಇದನ್ನ ತಗೊಳ್ರಿ. ಕಂಪನಿ ಬ್ಯಾರೆ ಅಷ್ಟ, ಗುಳಿಗಿ ಅದ ಐತಿ.” ಔಷಧ ಅಂಗಡಿಯ ಮುಂದೆ ನಿಂತವರಾರಿಗೂ ಈ ಮಾತು ಹೊಸದಲ್ಲ. ಹೇಳುವವನು ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ. ಕೇಳಿದವರು ತಲೆಯಾಡಿಸಿ, ಹಣ ಕೊಟ್ಟು ಬರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅದರಿಂದ ಕೇಡೇನೂ ಆಗುವುದಿಲ್ಲ. ಆದರೆ ಚೀಟಿಯ ಮೇಲೆ ಮಾರುವ ಔಷಧಗಳನ್ನು ಹೀಗೆ ಬದಲಿಸಿ ಕೊಡಲು ನಮ್ಮ ದೇಶದ ಕಾನೂನು ಅವಕಾಶವನ್ನೇ ಇಟ್ಟಿಲ್ಲವೆಂಬ ಸಂಗತಿ ಎಷ್ಟು ಜನರಿಗೆ ಗೊತ್ತು? ಗೊತ್ತಿದ್ದವರಲ್ಲಿಯಾದರೂ ಎಷ್ಟು ಜನ ಅದನ್ನು ಪಾಲಿಸುತ್ತಾರೆ? ದಿನಬೆಳಗಾದರೆ ಮುರಿದುಬೀಳುವ ಈ ನಿಯಮವನ್ನು ಹಾಗೆಯೇ ಇಟ್ಟುಕೊಳ್ಳುವುದು ಸರಿಯೋ, ಕಿತ್ತುಹಾಕುವುದು ಸರಿಯೋ, ತಿದ್ದುವುದು ಸರಿಯೋ ಎಂಬುದನ್ನು ಓದುಗ ಬಂಧುಗಳೊಂದಿಗೆ ವಿಚಾರ ಮಾಡಬೇಕೆಂದು ಈ ಬರಹ.

1940ರ ಔಷಧ ಮತ್ತು ಕಾಂತಿವರ್ಧಕ ಅಧಿನಿಯಮದ ಅಡಿಯಲ್ಲಿ 1945ರಲ್ಲಿ ರಚಿತವಾದ ನಿಯಮಾವಳಿಯೇ ಹಲವು ತಿದ್ದುಪಡಿಗಳೊಂದಿಗೆ ಇಂದಿಗೂ ನಮ್ಮ ಔಷಧ ಅಂಗಡಿಗಳನ್ನು ಆಳುತ್ತಿದೆ. ಅದರ 65ನೆಯ ನಿಯಮದಲ್ಲಿ 11ಎ ಎಂಬುದೊಂದು ಉಪನಿಯಮ. ಅನುಸೂಚಿ ಎಚ್, ಅನುಸೂಚಿ ಎಕ್ಸ್ ಎಂಬ ಪಟ್ಟಿಗಳಲ್ಲಿ ಸೇರಿದ ಔಷಧಗಳನ್ನು ವೈದ್ಯರ ಚೀಟಿಯ ಪ್ರಕಾರ ಕೊಡುವಾಗ, ಬರೆದುದರ ಬದಲಿಗೆ ಬೇರೆ ಯಾವ ತಯಾರಿಕೆಯನ್ನೂ ಕೊಡಕೂಡದೆಂದು ಅದು ವಿಧಿಸುತ್ತದೆ. ಆ ಬೇರೆ ತಯಾರಿಕೆಯಲ್ಲಿ ಅದೇ ಔಷಧದ್ರವ್ಯವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಎಚ್ ಪಟ್ಟಿಯೊಂದರಲ್ಲಿಯೇ 500ಕ್ಕೂ ಹೆಚ್ಚು ಹೆಸರುಗಳಿವೆ. ಅಂದರೆ ವೈದ್ಯರು ಒಂದು ಕಂಪನಿಯ ಹೆಸರಿನ ಗುಳಿಗೆಯನ್ನು ಬರೆದರೆ, ಅದೇ ದ್ರವ್ಯದ, ಅದೇ ಪ್ರಮಾಣದ, ಅರ್ಧ ಬೆಲೆಯ ಇನ್ನೊಂದು ಗುಳಿಗೆ ಎದುರಿನ ಕಪಾಟಿನಲ್ಲಿಯೇ ಇದ್ದರೂ ಅಂಗಡಿಯವನು ಅದನ್ನು ಕೊಡುವಂತಿಲ್ಲ. ರೋಗಿ ಒಪ್ಪಿದರೂ ಕೊಡುವಂತಿಲ್ಲ. ರೋಗಿಯ ಒಪ್ಪಿಗೆಯ ಮಾತು ಆ ಉಪನಿಯಮದಲ್ಲಿ ಎಲ್ಲಿಯೂ ಬರುವುದಿಲ್ಲ.

ಇಷ್ಟು ಬಿಗಿಯಾದ ನಿಯಮಕ್ಕೆ ಕಾರಣವಿಲ್ಲದಿಲ್ಲ. ನಮ್ಮಲ್ಲಿ ಒಂದೇ ಔಷಧಕ್ಕೆ ಹತ್ತಾರು, ಎಷ್ಟೋ ಸಲ ನೂರಾರು ವ್ಯಾಪಾರಿ ಹೆಸರುಗಳಿವೆ. ಒಂದಕ್ಕೊಂದು ತೀರ ಹತ್ತಿರದ ಹೆಸರುಗಳ ಒಳಗೆ ಬೇರೆ ಬೇರೆ ಔಷಧಗಳಿರುವುದೂ ಉಂಟು. ಮಿದುಳಿಗೆ ಏರುವ ಮಲೇರಿಯಾಕ್ಕೆ ಕೊಡುವ ‘ಫಾಲ್ಸಿಗೊ’ ಮತ್ತು ‘ಫಾಲ್ಸಿಟಾಬ್’ ಎಂಬ ಎರಡು ಹೆಸರುಗಳ ತಕರಾರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಒಂದರಲ್ಲಿದ್ದುದು ಆರ್ಟೆಸುನೇಟ್, ಇನ್ನೊಂದರಲ್ಲಿದ್ದುದು ಮೆಫ್ಲೋಕ್ವಿನ್. ಔಷಧಗಳ ಹೆಸರಿನ ಗೊಂದಲವು ಪ್ರಾಣಕ್ಕೇ ಎರವಾಗಬಲ್ಲದಾದ್ದರಿಂದ ಇತರ ಸರಕುಗಳಿಗಿಂತ ಇಲ್ಲಿ ಹೆಚ್ಚು ಕಟ್ಟುನಿಟ್ಟು ಬೇಕೆಂದು ನ್ಯಾಯಾಲಯ 2001ರ ಮಾರ್ಚ್‌ನಲ್ಲಿ ಹೇಳಿತು. ಅಷ್ಟು ದೂರ ಹೋಗುವುದೂ ಬೇಡ. ರಕ್ತದೊತ್ತಡದ ಒಂದೇ ಹೆಸರಿನ ಗುಳಿಗೆಯ ಬಾಲಕ್ಕೆ ‘ಎಎಂ’ ಎಂದಿದ್ದರೆ ಜೊತೆಗೆ ಸೇರಿರುವುದು ಸಾಮಾನ್ಯವಾಗಿ ಅಮ್ಲೋಡಿಪಿನ್. ‘ಎಚ್’ ಎಂದಿದ್ದರೆ ಮೂತ್ರವನ್ನು ಹೆಚ್ಚಿಸುವ ಹೈಡ್ರೋಕ್ಲೋರೋಥಯಝೈಡ್. ಒಂದು ಕೆಲವರಿಗೆ ಕಾಲು ಬಾವು ತರಿಸಬಹುದು, ಇನ್ನೊಂದು ರಕ್ತದ ಸೋಡಿಯಂ ಇಳಿಸಬಹುದು. ಸಂಜೆಯ ಗದ್ದಲದಲ್ಲಿ ಅಂಗಡಿಯ ಹುಡುಗ ಓದುವುದು ಹೆಸರಿನ ಮೊದಲ ನಾಲ್ಕು ಅಕ್ಷರವನ್ನು ಮಾತ್ರ.

ಆದ್ದರಿಂದ ಬದಲಾವಣೆ ಎಂಬ ಒಂದೇ ಮಾತಿನೊಳಗೆ ಎರಡು ಸಂಗತಿಗಳಿವೆ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಔಷಧವೇ ಬದಲಾಗುವುದು ಒಂದು. ವೈದ್ಯರು ರಾಬೆಪ್ರಜೋಲ್ ಬರೆದಿರುವಾಗ ಪ್ಯಾಂಟೊಪ್ರಜೋಲ್ ಕೊಟ್ಟು “ಎರಡೂ ಆಸಿಡಿಟಿಗೇ” ಎನ್ನುವುದು ಈ ಬಗೆ. ಇದನ್ನು ವೈದ್ಯರನ್ನು ಕೇಳದೆ ಯಾರೂ ಮಾಡಕೂಡದು. ಇದರಲ್ಲಿ ಎರಡು ಮಾತಿಲ್ಲ. ಔಷಧ ಅದೇ ಇದ್ದು ತಯಾರಕರು ಮಾತ್ರ ಬದಲಾಗುವುದು ಇನ್ನೊಂದು. ಚರ್ಚೆ ಇರುವುದು ಈ ಎರಡನೆಯದರ ಬಗ್ಗೆ. ನಮ್ಮ ನಿಯಮವಾದರೋ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತದೆ.

ಹೀಗೆ ತೂಗುವುದರಿಂದ ಯಾರಿಗೆ ಪೆಟ್ಟು ಬೀಳುತ್ತದೆಂದು ನೋಡಿ. ಕಡಿಮೆ ಬೆಲೆಗೆ ಜನರಿಕ್ ಔಷಧಗಳು ದೊರೆಯಬೇಕೆಂದು ಕೇಂದ್ರ ಸರಕಾರವೇ 2008ರಲ್ಲಿ ಜನೌಷಧಿ ಯೋಜನೆಯನ್ನು ಆರಂಭಿಸಿತು. ಇಂದು ದೇಶದಲ್ಲಿ ಇಂಥ ಕೇಂದ್ರಗಳ ಸಂಖ್ಯೆ 10,000 ದಾಟಿದೆ. ನಮ್ಮ ತಾಲ್ಲೂಕು ಊರುಗಳಲ್ಲಿಯೂ ಇವೆ. ಅಲ್ಲಿ ಮಾರುವುದು ಕಂಪನಿಗಳ ಹೆಸರಿನ ಗುಳಿಗೆಗಳನ್ನಲ್ಲ, ಔಷಧದ ಮೂಲ ಹೆಸರಿನ ಗುಳಿಗೆಗಳನ್ನು. ಪಿಂಚಣಿಯಲ್ಲಿ ಜೀವನ ಸಾಗಿಸುವ ಹಿರಿಯರೊಬ್ಬರು ಕಂಪನಿಯ ಹೆಸರು ಬರೆದ ಚೀಟಿಯನ್ನು ಹಿಡಿದು ಆ ಕೇಂದ್ರಕ್ಕೆ ಹೋದರೆ, ನಿಯಮದ ಅಕ್ಷರಕ್ಕೆ ಕಟ್ಟುಬಿದ್ದರೆ ಅವರನ್ನು ಬರಿಗೈಯಲ್ಲಿ ಕಳಿಸಬೇಕು. ಕೊಟ್ಟರೆ ನಿಯಮ ಮುರಿಯುತ್ತದೆ, ಕೊಡದಿದ್ದರೆ ಯೋಜನೆಯ ಉದ್ದೇಶವೇ ಮುರಿಯುತ್ತದೆ. ಒಂದು ಕೈಯಿಂದ ಅಗ್ಗದ ಅಂಗಡಿ ತೆರೆದು ಇನ್ನೊಂದು ಕೈಯಿಂದ ಅದರ ಬಾಗಿಲಿಗೆ ಅಗುಳಿ ಹಾಕಿದಂತಾಗಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಗುಳಿಗೆ ಒಂದು ವಾರಕ್ಕೆ ಮುಗಿಯುವಂಥದ್ದಲ್ಲ, ಬಾಳಿನುದ್ದಕ್ಕೂ ನುಂಗಬೇಕಾದದ್ದು. ದುಬಾರಿಯಾಯಿತೆಂದು ದಿನ ಬಿಟ್ಟು ದಿನ ನುಂಗುವವರನ್ನು, ಅರ್ಧ ಮುರಿದು ನುಂಗುವವರನ್ನು ಆರೋಗ್ಯ ತಪಾಸಣೆಯ ಶಿಬಿರಗಳಲ್ಲಿ ಕಾಣುವುದು ಅಪರೂಪವೇನಲ್ಲ. ಹೆಸರುವಾಸಿ ಕಂಪನಿಯ ಗುಳಿಗೆಯನ್ನು ಅರ್ಧ ನುಂಗುವುದಕ್ಕಿಂತ ಜನರಿಕ್ ಗುಳಿಗೆಯನ್ನು ಪೂರ್ತಿ ನುಂಗುವುದು ಮೇಲಲ್ಲವೇ?

ಹಾಗಾದರೆ ವೈದ್ಯರೇ ಮೂಲ ಹೆಸರನ್ನು ಬರೆದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅದೂ ಕಾಗದದ ಮೇಲಿದೆ. 2002ರ ವೈದ್ಯಕೀಯ ನಡವಳಿಕೆಯ ನಿಬಂಧನೆಗಳು, ಸಾಧ್ಯವಾದಷ್ಟು ಮಟ್ಟಿಗೆ ಮೂಲ ಹೆಸರನ್ನೇ ಬರೆಯಬೇಕೆಂದಿದ್ದವು; 2016ರಲ್ಲಿ ತಿದ್ದುಪಡಿಯಾಗಿ, ಅದನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂಬ ಮಾತು ಸೇರಿತು. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ಹೊಸ ನಿಬಂಧನೆಗಳನ್ನು ಹೊರಡಿಸಿತು. ವೈದ್ಯರ ಸಂಘಟನೆಗಳು ವಿರೋಧಿಸಿದವು. ಮೂರೇ ವಾರಗಳಲ್ಲಿ, ಆಗಸ್ಟ್ 23ರಂದು, ಅವು ತಡೆಹಿಡಿಯಲ್ಪಟ್ಟು ಹಳೆಯ ನಿಬಂಧನೆಗಳೇ ಮತ್ತೆ ಜಾರಿಗೆ ಬಂದವು.

ವೈದ್ಯರ ವಿರೋಧವನ್ನು ಕೇವಲ ಕಂಪನಿಗಳ ಪರವಾದ ಮಾತೆಂದು ತಳ್ಳಿಹಾಕುವವರಿದ್ದಾರೆ. ಅವರ ಗುಮಾನಿಗೆ ಆಧಾರವೇ ಇಲ್ಲವೆಂದು ನಾನೂ ಹೇಳಲಾರೆ. ಆದರೂ ವೈದ್ಯರು ಎತ್ತಿದ ಒಂದು ಪ್ರಶ್ನೆಗೆ ಉತ್ತರ ಹುಡುಕಲೇಬೇಕು. ಚೀಟಿಯಲ್ಲಿ ಮೂಲ ಹೆಸರು ಮಾತ್ರ ಇದ್ದರೆ, ನೂರು ಕಂಪನಿಗಳ ಗುಳಿಗೆಗಳಲ್ಲಿ ಯಾವುದನ್ನು ಕೊಡಬೇಕೆಂದು ಆರಿಸುವವರಾರು? ಆ ಆಯ್ಕೆ ವೈದ್ಯರ ಕೈಯಿಂದ ಜಾರಿ ರೋಗಿಯ ಕೈಗೆ ಬರುವುದಿಲ್ಲ. ನೇರವಾಗಿ ಅಂಗಡಿಯವನ ಕೈಗೆ ಹೋಗುತ್ತದೆ. ಅವನೋ ವ್ಯಾಪಾರಿ. ಸಗಟು ವ್ಯಾಪಾರಿಗಳ ಮೂಲಕ ಬರುವ ಕೆಲವು ಜನರಿಕ್ ಗುಳಿಗೆಗಳನ್ನು ಅತಿ ಕಡಿಮೆ ದರಕ್ಕೆ ಕೊಂಡು, ಪೊಟ್ಟಣದ ಮೇಲೆ ಅಚ್ಚಾದ ದೊಡ್ಡ ಬೆಲೆಗೇ ಮಾರುವುದು ನಮ್ಮ ಮಾರುಕಟ್ಟೆಯಲ್ಲಿ ಗುಟ್ಟಾಗಿ ಉಳಿದಿಲ್ಲ. ಹಾಗೆ ಮಾಡಿದಾಗ ಬದಲಾವಣೆಯ ಲಾಭವೆಲ್ಲ ಅಂಗಡಿಗೆ, ಅದರ ಅಪಾಯವೆಲ್ಲ ರೋಗಿಗೆ. ಅಲ್ಲದೆ 1948ರ ಫಾರ್ಮಸಿ ಅಧಿನಿಯಮದ ಪ್ರಕಾರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು. ಗೋಡೆಯ ಮೇಲೆ ಅವರ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ತೂಗುತ್ತಿರುತ್ತದೆ. ಕೆಳಗೆ ಗುಳಿಗೆ ಎಣಿಸುತ್ತಿರುವವನು ಎಷ್ಟೋ ಕಡೆ ಬೇರೆಯವನು.

ಇನ್ನು ಎರಡು ಕಂಪನಿಗಳ ಗುಳಿಗೆಗಳು ನಿಜಕ್ಕೂ ಒಂದೇ ಹೌದೇ ಎಂಬ ಮೂಲ ಪ್ರಶ್ನೆ. ಗುಳಿಗೆಯಲ್ಲಿ ಔಷಧದ್ರವ್ಯದ ಜೊತೆಗೆ ಅದನ್ನು ಗಟ್ಟಿ ಹಿಡಿಯುವ, ಹೊಟ್ಟೆಯಲ್ಲಿ ಒಡೆಯಿಸುವ, ಗಾತ್ರ ತುಂಬುವ ಬೇರೆ ಪದಾರ್ಥಗಳೂ ಇರುತ್ತವೆ. ಅವು ಬದಲಾದರೆ ಔಷಧ ರಕ್ತಕ್ಕೆ ಸೇರುವ ವೇಗವೂ ಪ್ರಮಾಣವೂ ಬದಲಾಗಬಹುದು. ಆದ್ದರಿಂದ ಆರೋಗ್ಯವಂತರಾದ ಸ್ವಯಂಸೇವಕರಿಗೆ ಎರಡೂ ಗುಳಿಗೆಗಳನ್ನು ಕೊಟ್ಟು, ರಕ್ತದಲ್ಲಿ ಔಷಧದ ಮಟ್ಟವನ್ನು ಅಳೆದು ಹೋಲಿಸುತ್ತಾರೆ. ಇದನ್ನು ಜೈವಿಕ ಸಮಾನತೆಯ ಪರೀಕ್ಷೆ ಎನ್ನುತ್ತಾರೆ. ಹೋಲಿಕೆಯ ಅಂಕಿ, ಅಂದಾಜಿನ ತಪ್ಪನ್ನೂ ಸೇರಿಸಿಕೊಂಡು, 80ರಿಂದ 125 ಪ್ರತಿಶತದ ಗೆರೆಗಳ ಒಳಗೇ ಬರಬೇಕು. ಇದನ್ನು ಕೇಳಿದವರು ‘ಜನರಿಕ್ ಗುಳಿಗೆಯಲ್ಲಿ 20 ಪ್ರತಿಶತ ಔಷಧ ಕಡಿಮೆ’ ಎಂದು ಸುದ್ದಿ ಹಬ್ಬಿಸುತ್ತಾರೆ. ಅದು ತಪ್ಪು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 12 ವರ್ಷಗಳ 2,070 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ರಕ್ತಕ್ಕೆ ಸೇರಿದ ಔಷಧದ ಒಟ್ಟು ಪ್ರಮಾಣದಲ್ಲಿ ಕಂಡ ಸರಾಸರಿ ಅಂತರ 4 ಪ್ರತಿಶತಕ್ಕಿಂತಲೂ ಕಡಿಮೆ. ಪರೀಕ್ಷೆ ನಡೆದ ಜನರಿಕ್ ಗುಳಿಗೆಗೆ ಅಂಜಬೇಕಾದ ಕಾರಣವಿಲ್ಲ. ತೊಡಕಿರುವುದು ಪರೀಕ್ಷೆ ನಡೆದಿದೆಯೇ ಎಂಬಲ್ಲಿ. ನಮ್ಮ ದೇಶದಲ್ಲಿ, ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳಿಗೆ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿ ನಿಯಮ ತಿದ್ದಿದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಪರವಾನಗಿ ಪಡೆದ ತಯಾರಿಕೆಗಳು ಇಂದೂ ಕಪಾಟುಗಳಲ್ಲಿವೆ. ಯಾವುದಕ್ಕೆ ಪರೀಕ್ಷೆ ಆಗಿದೆ, ಯಾವುದಕ್ಕೆ ಆಗಿಲ್ಲವೆಂಬುದನ್ನು ಪೊಟ್ಟಣ ನೋಡಿ ಅಂಗಡಿಯವನೂ ಹೇಳಲಾರ, ವೈದ್ಯರೂ ಹೇಳಲಾರರು.

ಕೆಲವು ಔಷಧಗಳಲ್ಲಿ ಈ ಸಣ್ಣ ಅಂತರವೂ ದೊಡ್ಡದು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ 1968ರ ಸುಮಾರಿಗೆ ನಡೆದದ್ದನ್ನು ವೈದ್ಯಕೀಯ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಮೂರ್ಛೆರೋಗಕ್ಕೆ ಫೆನಿಟಾಯಿನ್ ಸೇವಿಸುತ್ತಿದ್ದವರು ಒಬ್ಬರ ಹಿಂದೊಬ್ಬರು ತೂರಾಡುತ್ತ, ವಸ್ತುಗಳು ಎರಡೆರಡಾಗಿ ಕಾಣುತ್ತಿವೆ ಎನ್ನುತ್ತ ಆಸ್ಪತ್ರೆಗೆ ಬರತೊಡಗಿದರು. ಕ್ಯಾಪ್ಸೂಲಿನಲ್ಲಿ ಫೆನಿಟಾಯಿನ್ ಮೊದಲಿದ್ದಷ್ಟೇ ಇತ್ತು. ತಯಾರಕರು ಬದಲಿಸಿದ್ದು ಗಾತ್ರ ತುಂಬುವ ಪದಾರ್ಥವನ್ನು ಮಾತ್ರ: ಕ್ಯಾಲ್ಸಿಯಂ ಸಲ್ಫೇಟಿನ ಜಾಗಕ್ಕೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಮೊದಲಿನದು ಔಷಧವನ್ನು ಹಿಡಿದಿಟ್ಟುಕೊಳ್ಳುತ್ತಿತ್ತು, ಹೊಸದು ಬಿಟ್ಟುಕೊಟ್ಟಿತು. ರಕ್ತದಲ್ಲಿ ಔಷಧ ವಿಷದ ಮಟ್ಟಕ್ಕೇರಿತು. ಫೆನಿಟಾಯಿನ್ ತುಂಬಿದ ಕೊಡದಂಥ ಔಷಧ. ಯಕೃತ್ತು ಅದನ್ನು ಕರಗಿಸುವ ಶಕ್ತಿಗೆ ಒಂದು ಮಿತಿಯಿದೆ. ಆ ಮಿತಿ ಮುಟ್ಟಿದ ಮೇಲೆ ಒಂದು ಬೊಗಸೆ ಹೆಚ್ಚಾದರೂ ಹೊರಚೆಲ್ಲುತ್ತದೆ. ಕಡಿಮೆಯಾದರೆ ಫಿಟ್ಸ್ ಮರಳುತ್ತದೆ. ವರ್ಷಗಟ್ಟಲೆ ಫಿಟ್ಸ್ ಬಾರದೆ ಗಾಡಿ ಓಡಿಸುತ್ತಿರುವವನಿಗೆ, ಬಾವಿಕಟ್ಟೆಯಲ್ಲಿ, ಒಲೆಯ ಮುಂದೆ ಕೆಲಸ ಮಾಡುವ ತಾಯಿಗೆ ಒಂದೇ ಒಂದು ಫಿಟ್ಸ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಮೂರ್ಛೆರೋಗದ ಔಷಧಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಫೆನಿಟಾಯಿನ್, ಕಾರ್ಬಮಜೆಪಿನ್, ಫೆನೋಬಾರ್ಬಿಟಲ್, ಪ್ರಿಮಿಡೋನ್ ಇವನ್ನು ಸೇವಿಸುವವರಿಗೆ ಒಬ್ಬರೇ ತಯಾರಕರ ಔಷಧವನ್ನೇ ಕೊಡುತ್ತಿರಬೇಕೆಂದು ಸೂಚಿಸಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮನೋರೋಗದ ಲಿಥಿಯಂ, ಮೂತ್ರಪಿಂಡ ಕಸಿಯಾದವರ ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೊರಿನ್, ಥೈರಾಯ್ಡಿನ ಗುಳಿಗೆ ಇವುಗಳಲ್ಲಿಯೂ ಇದೇ ಎಚ್ಚರ ಬೇಕು. ಥೈರಾಯ್ಡಿನ ಗುಳಿಗೆಯ ತಯಾರಕರು ಬದಲಾದರೆ ಆರೆಂಟು ವಾರಗಳ ನಂತರ ರಕ್ತಪರೀಕ್ಷೆ ಮಾಡಿಸಿ ನೋಡುವುದು ಒಳ್ಳೆಯದು.

ರಾಸಾಯನಿಕ ಅಂತರವೇ ಇಲ್ಲದಿದ್ದರೂ ಬದಲಾವಣೆಯಿಂದ ಆಗುವ ಕೇಡೊಂದಿದೆ. ನನ್ನ ದೃಷ್ಟಿಯಲ್ಲಿ ನಮ್ಮ ಹಿರಿಯರಿಗೆ ಹೆಚ್ಚು ತೊಂದರೆ ಕೊಡುವುದು ಅದೇ. ಅಕ್ಷರ ಓದಲಾಗದ, ಓದಿದರೂ ಇಂಗ್ಲಿಷ್ ಹೆಸರು ನೆನಪಿಡಲಾಗದ ಅಜ್ಜಿ ಗುಳಿಗೆಯನ್ನು ಗುರುತಿಸುವುದು ಬಣ್ಣದಿಂದ, ಆಕಾರದಿಂದ: “ಮುಂಜಾನೆ ಬಿಳೀದು, ರಾತ್ರಿ ಗುಲಾಬಿ.” ಅಂಗಡಿಯವನು ಈ ತಿಂಗಳು ಹಳದಿ ಗುಳಿಗೆ ಕೊಟ್ಟ. ಮನೆಯ ಡಬ್ಬಿಯಲ್ಲಿ ಹಳೆಯ ಬಿಳಿಯದು ಇನ್ನೂ ಹತ್ತಿವೆ. ಹಳದಿಯದು ಹೊಸ ಔಷಧವೆಂದು ತಿಳಿದು ಅವರು ಎರಡನ್ನೂ ನುಂಗುತ್ತಾರೆ. ಸಕ್ಕರೆ ಇಳಿಸುವ ಗುಳಿಗೆ ಹೀಗೆ ಇಮ್ಮಡಿಯಾದರೆ ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದು. ಇದಕ್ಕೆ ಗುಳಿಗೆಯ ಗುಣಮಟ್ಟವಾಗಲಿ ಕಂಪನಿಯಾಗಲಿ ಕಾರಣವಲ್ಲ. ಬದಲಿಸಿದ್ದನ್ನು ಯಾರೂ ಬಾಯಿಬಿಟ್ಟು ಹೇಳದಿದ್ದುದು ಕಾರಣ. ಹೆಸರಿನ ಕೊನೆಯ ‘ಎಸ್‌ಆರ್’, ‘ಎಕ್ಸ್‌ಆರ್’ ಎಂಬ ಅಕ್ಷರಗಳೂ ಅಷ್ಟೇ ಮುಖ್ಯ. ಅವು ನಿಧಾನವಾಗಿ ಕರಗುವ ಗುಳಿಗೆಗಳು. ಅವುಗಳ ಬದಲಿಗೆ ಸಾದಾ ಗುಳಿಗೆ ಸಲ್ಲದು. ಇನ್ಸುಲಿನ್ ವಿಷಯದಲ್ಲಂತೂ ನಮ್ಮ ದೇಶದ್ದೇ ಆದ ಒಂದು ಗೊಂದಲವಿದೆ. ಬಾಟಲಿಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯುನಿಟ್, ಪೆನ್ನಿನ ಕಾಟ್ರಿಜ್ ಮತ್ತು ಕೆಲವು ಬಾಟಲಿಗಳಲ್ಲಿ 100 ಯುನಿಟ್. 100ರ ಬಾಟಲಿಯನ್ನು ಬದಲಿಯಾಗಿ ಕೊಟ್ಟು, ಮನೆಯಲ್ಲಿರುವ 40ರ ಸಿರಿಂಜಿನಿಂದ ಎಳೆದರೆ ಮೈಗೆ ಸೇರುವುದು ಎರಡೂವರೆ ಪಟ್ಟು.

ಬೇರೆ ದೇಶಗಳು ಈ ಇಕ್ಕಟ್ಟನ್ನು ಹೇಗೆ ದಾಟಿದವು? ಅಮೆರಿಕದ ರಾಜ್ಯಗಳಲ್ಲಿಯೂ 1950ರ ದಶಕದಲ್ಲಿ ನಮ್ಮಂಥದೇ ನಿಷೇಧವಿತ್ತು. 1970ರ ದಶಕದಿಂದ ಅವು ಒಂದೊಂದಾಗಿ ಅದನ್ನು ಕೈಬಿಟ್ಟವು. ಆದರೆ ಬರಿದೆ ಕೈಬಿಡಲಿಲ್ಲ; ಯಾವುದರ ಬದಲಿಗೆ ಯಾವುದನ್ನು ಕೊಡಬಹುದೆಂಬ ಅಧಿಕೃತ ಪಟ್ಟಿಯನ್ನು ಅಲ್ಲಿನ ನಿಯಂತ್ರಣ ಸಂಸ್ಥೆ 1980ರಿಂದ ಪ್ರಕಟಿಸುತ್ತ ಬಂದಿದೆ. ರಟ್ಟಿನ ಬಣ್ಣದಿಂದಾಗಿ ಅದಕ್ಕೆ ‘ಕಿತ್ತಳೆ ಪುಸ್ತಕ’ವೆಂದೇ ಹೆಸರು. ಸ್ವೀಡನ್ನಿನಲ್ಲಿ 2002ರಿಂದ ಅತಿ ಅಗ್ಗದ ಸಮಾನ ಔಷಧವನ್ನು ಕೊಡುವುದು ಅಂಗಡಿಯ ಕರ್ತವ್ಯ. ವೈದ್ಯರು ಬೇಡವೆಂದು ಬರೆಯಬಹುದು, ರೋಗಿಯೂ ಬೆಲೆಯ ಅಂತರವನ್ನು ತಾನೇ ತೆತ್ತು ಬೇಡವೆನ್ನಬಹುದು. ಆಸ್ಟ್ರೇಲಿಯದಲ್ಲಿ 2021ರಿಂದ ಬಹುಪಾಲು ಚೀಟಿಗಳಲ್ಲಿ ಮೂಲ ಹೆಸರು ಕಡ್ಡಾಯ. ಬದಲಿಸಬಾರದೆಂದಿದ್ದರೆ ವೈದ್ಯರು ಚೀಟಿಯಲ್ಲಿ ಗುರುತು ಹಾಕುತ್ತಾರೆ. ಎಲ್ಲ ಕಡೆಯೂ ಬಾಗಿಲನ್ನು ತೆರೆದಿದ್ದಾರೆ, ಬಾಗಿಲಲ್ಲಿ ಕಾವಲನ್ನೂ ಇಟ್ಟಿದ್ದಾರೆ. ನಾವು ಬಾಗಿಲು ಮುಚ್ಚಿದ್ದೇವೆಂದು ಕಾಗದದಲ್ಲಿ ಬರೆದು, ಹಿತ್ತಲ ಬಾಗಿಲಿನಿಂದ ಎಲ್ಲರೂ ಓಡಾಡಲು ಬಿಟ್ಟಿದ್ದೇವೆ. ಮುಚ್ಚಿದೆಯೆಂದು ಬರೆದ ಮೇಲೆ ಕಾವಲು ಇಡುವ ಮಾತೇ ಬರುವುದಿಲ್ಲವಲ್ಲ!

11ಎ ಉಪನಿಯಮವನ್ನು ತಿದ್ದಲೇಬೇಕೆಂಬುದು ನನ್ನ ಅಭಿಪ್ರಾಯ. ಅದೇ ದ್ರವ್ಯ, ಅದೇ ಪ್ರಮಾಣ, ಅದೇ ಬಗೆಯ ಗುಳಿಗೆಯಾದರೆ ಬದಲಿ ಕೊಡಲು ಅನುಮತಿ ಇರಲಿ. ಆದರೆ ಜೈವಿಕ ಸಮಾನತೆ ಸಿದ್ಧವಾದ ತಯಾರಿಕೆಗಳ ಪಟ್ಟಿಯನ್ನು ಸರಕಾರ ಮೊದಲು ಪ್ರಕಟಿಸಲಿ. ಆ ಪಟ್ಟಿಯ ಹೊರಗಿನದಕ್ಕೆ ಅನುಮತಿ ಬೇಡ. ಮೂರ್ಛೆರೋಗ, ಅಂಗಾಂಗ ಕಸಿ, ವಾರ್ಫರಿನ್ ಮೊದಲಾದವುಗಳಿಗೆ ಈಗಿನ ನಿಷೇಧವೇ ಇನ್ನೂ ಬಿಗಿಯಾಗಿ ಮುಂದುವರಿಯಲಿ. 2023ರ ನಿಬಂಧನೆಗಳ ಜೊತೆಗಿದ್ದ ಮಾರ್ಗಸೂಚಿಯಲ್ಲಿಯೂ ಇಂಥ ಔಷಧಗಳನ್ನು ಬೇರೆಯಾಗಿಯೇ ಕಂಡಿದ್ದರು. ನಿಬಂಧನೆಗಳ ಜೊತೆ ಆ ವಿವೇಕವೂ ಮೂಲೆ ಸೇರಿತು. ಬದಲಿಯ ಬೆಲೆ ಬರೆದ ಔಷಧದ ಬೆಲೆಗಿಂತ ಕಡಿಮೆಯೇ ಇರಬೇಕೆಂಬ ಷರತ್ತು ಬೇಕು. ಇಲ್ಲದಿದ್ದರೆ ಈ ಅನುಮತಿ ಅಂಗಡಿಗಳ ಲಾಭಕ್ಕೆ ಕೊಟ್ಟ ರಹದಾರಿಯಾದೀತು. ಎಲ್ಲಕ್ಕೂ ಮೊದಲು, ಬದಲಿಸಿದ್ದನ್ನು ರೋಗಿಗೆ ಅವರ ಭಾಷೆಯಲ್ಲಿ ಹೇಳಿ, “ಹಳೆಯದರ ಬದಲಿಗೆ ಇದು, ಎರಡೂ ಅಲ್ಲ” ಎಂದು ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದುಕೊಡುವುದು ಕಡ್ಡಾಯವಾಗಬೇಕು. ಇದಕ್ಕೆ ತಗಲುವ ಖರ್ಚು ಒಂದು ಪೆನ್ನಿನದು.

ಫಾರ್ಮಸಿಸ್ಟರೇ ಇಲ್ಲದ ಅಂಗಡಿಗಳಿಗೆ ಇಷ್ಟು ಹೊಣೆ ಹೊರಿಸುವುದು ಹೇಗೆಂದು ಕೇಳಿದರೆ, ಅಂಥ ಅಂಗಡಿಗಳಿಗೆ ಬದಲಿಸುವ ಅನುಮತಿಯನ್ನೇ ಕೊಡಬಾರದು ಎನ್ನಬೇಕಾಗುತ್ತದೆ. ನಿಯಮಾವಳಿ ಕೇಂದ್ರದ್ದಾದ್ದರಿಂದ ರಾಜ್ಯ ಸರಕಾರ ತಾನಾಗಿ ಅದನ್ನು ತಿದ್ದಲಾರದು. ಆದರೆ ಅಂಗಡಿಗಳಿಗೆ ಪರವಾನಗಿ ಕೊಡುವವರು, ತಪಾಸಣೆ ಮಾಡುವವರು ರಾಜ್ಯದ ಅಧಿಕಾರಿಗಳೇ. ಫಾರ್ಮಸಿಸ್ಟರು ಕೌಂಟರಿನಲ್ಲಿ ಇದ್ದಾರೆಯೇ ಎಂದು ನೋಡುವುದಕ್ಕೆ ದೆಹಲಿಯಿಂದ ತಿದ್ದುಪಡಿ ಬರುವವರೆಗೆ ಕಾಯಬೇಕಾಗಿಲ್ಲ.

ಭಕ್ತ ಬಂಧುಗಳೂ ಕಾಯಬೇಕಾಗಿಲ್ಲ. ಚೀಟಿ ಬರೆಯುವಾಗ ವೈದ್ಯರನ್ನು “ಇದರ ಮೂಲ ಹೆಸರನ್ನೂ ಬರೆದುಕೊಡಿ, ಜನೌಷಧಿಯಲ್ಲಿ ತೆಗೆದುಕೊಂಡರೆ ನಡೆದೀತೇ?” ಎಂದು ಕೇಳಲು ಸಂಕೋಚ ಬೇಡ. ನಡೆಯದೆಂದರೆ ಯಾಕೆಂದು ಕೇಳಿರಿ. ಮೂರ್ಛೆರೋಗದ ಗುಳಿಗೆಯಾದರೆ ಅವರ ಉತ್ತರದಲ್ಲಿ ಅರ್ಥವಿರುತ್ತದೆ, ಆಸಿಡಿಟಿಯ ಗುಳಿಗೆಯಾದರೆ ಬಹುಶಃ ಇರುವುದಿಲ್ಲ. ಅಂಗಡಿಯಲ್ಲಿ ಬಿಲ್ ಕೇಳಿ ಪಡೆಯಿರಿ. ಚೀಟಿಯ ಔಷಧದ ಬಿಲ್ಲಿನಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಬೇಕು. ಗುಳಿಗೆ ಬದಲಾದದ್ದಕ್ಕೆ ನಿಮ್ಮಲ್ಲಿ ಉಳಿಯುವ ದಾಖಲೆ ಅದೊಂದೇ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಚೀಟಿಯನ್ನಷ್ಟೇ ಒಯ್ಯದೆ, ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಒಂದೇ ಔಷಧ ಎರಡು ಹೆಸರಿನಲ್ಲಿದ್ದರೆ ಅವರ ಕಣ್ಣಿಗೆ ಕೂಡಲೇ ಬೀಳುತ್ತದೆ.